ಕೆಳಗೆ ಇಡಬಾರದ ಕುಡಿಕೆ

ಅಸ್ಥಿ ತುಂಬಿದ ಕುಡಿಕೆಯನ್ನು ತೀರ್ಥ ಮುಟ್ಟುವ ತನಕ ನೆಲಕ್ಕೆ ಇಡಬಾರದು. ನಮ್ಮ ಶಿರಸಿ ಕಡೆ ಮಕ್ಕಳಿಗೂ ಗೊತ್ತಿರುವ ಮಾತು ಇದು. ಸಂಚಯನ ಮಾಡಿದ ಮೇಲೆ ಕುಡಿಕೆಯನ್ನು ಮನೆ ಒಳಗೂ ತರುವಂತಿಲ್ಲ. ಬಿಳಿ ಬಟ್ಟೆಯಲ್ಲಿ ಬಾಯಿ ಕಟ್ಟಿ, ಅಂಗಳದ ಆಚೆ ಮರದ ಟೊಂಗೆಗೆ ತೂಗುಹಾಕುತ್ತಾರೆ. ಹೊರಡುವ ದಿನ ಅಲ್ಲಿಂದ ಬಿಚ್ಚಿ ಕೈಗೆ ತೆಗೆದುಕೊಂಡರೆ ಮುಗಿಯಿತು. ಆಮೇಲೆ ಕೈಯಿಂದ ಕೈಗೆ, ಮಡಿಲಿಂದ ಮಡಿಲಿಗೆ. ದಾರಿಯಲ್ಲಿ ಗಾಡಿ ನಿಲ್ಲಿಸಿದರೂ ಯಾರಾದರೂ ಒಬ್ಬರು ಹಿಡಿದುಕೊಂಡೇ ಇರಬೇಕು. ಯಾಕೆ ಅಂತ ಕೇಳಿದರೆ ಹಿರಿಯರು ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಾರೆ. ನನಗೆ ಅದು ಮನಸ್ಸಿಗೆ ಇಳಿದದ್ದು ದೇವಿಮನೆ ಘಟ್ಟದಲ್ಲಿ, ಅತ್ತೆಯ ಅಸ್ಥಿ ತೆಗೆದುಕೊಂಡು ನಾವೆಲ್ಲ ಗೋಕರ್ಣಕ್ಕೆ ಹೋಗುವಾಗ.

ಅತ್ತೆ ಅಪ್ಪನ ಅಕ್ಕ. ಸಣ್ಣ ವಯಸ್ಸಿಗೇ ಗಂಡ ತೀರಿಕೊಂಡು ತವರಿಗೆ ಬಂದವಳು ಕೊನೆಯವರೆಗೂ ನಮ್ಮ ಮನೆಯಲ್ಲೇ ಇದ್ದಳು. ಅವಳಿಗೆ ಮಕ್ಕಳಿಲ್ಲ. ನಮ್ಮನ್ನು ಮೀಯಿಸಿದವಳು, ಉಣಿಸಿದವಳು, ಜ್ವರ ಬಂದಾಗ ರಾತ್ರಿಯಿಡೀ ಹಾಸಿಗೆ ಹತ್ತಿರ ಕೂತವಳು ಅವಳೇ. ಸೋಮವಾರ ಒಪ್ಪತ್ತು, ಏಕಾದಶಿ ಉಪವಾಸ, ಶಿವರಾತ್ರಿಗೆ ಗೋಕರ್ಣ. ಮೊಣಕಾಲು ಕೈಕೊಟ್ಟ ಮೇಲೆ ಗೋಕರ್ಣ ನಿಂತಿತು, ಉಪವಾಸ ನಿಲ್ಲಲಿಲ್ಲ.

ಕೊಯ್ಲಿನ ರಾತ್ರಿಗಳಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಾ ಗೋಕರ್ಣದ ಕಥೆ ಹೇಳುತ್ತಿದ್ದಳು. ಎಲ್ಲರಿಗೂ ಗೊತ್ತಿರುವ ಕಥೆಯೇ. ಆದರೆ ಅತ್ತೆ ಅದನ್ನು ರಾವಣನಿಂದ ಶುರು ಮಾಡುತ್ತಿರಲಿಲ್ಲ. ಅವನ ತಾಯಿ ಕೈಕಸೆಯಿಂದ ಶುರು ಮಾಡುತ್ತಿದ್ದಳು. ಕೈಕಸೆ ಸಮುದ್ರದ ದಂಡೆಯಲ್ಲಿ ಮರಳಿನ ಲಿಂಗ ಮಾಡಿ ಪೂಜೆಗೆ ಕೂತಿದ್ದಾಳೆ. ತೆರೆ ಬಂದು ಲಿಂಗವನ್ನು ಒಯ್ಯುತ್ತದೆ. ತಾಯಿ ಅಳುತ್ತಾಳೆ. ಆ ಅಳು ನೋಡಲಾಗದೆ ಮಗ ಶಿವನ ಆತ್ಮಲಿಂಗವನ್ನೇ ತರಲು ಕೈಲಾಸಕ್ಕೆ ಹೊರಡುತ್ತಾನೆ. ಲಂಕೆ ಮುಟ್ಟುವ ತನಕ ಅದನ್ನು ನೆಲಕ್ಕೆ ಇಡಬಾರದು. ಮುಂದೆ ವಟುವಿನ ವೇಷದ ಗಣಪತಿ ಆತ್ಮಲಿಂಗವನ್ನು ಕೆಳಗಿಟ್ಟ ಕಡೆ ಬಂದಾಗ ನಾವು ಮಕ್ಕಳೆಲ್ಲ ಚಪ್ಪಾಳೆ ತಟ್ಟುತ್ತಿದ್ದೆವು. ಅತ್ತೆ ನಗುತ್ತಿರಲಿಲ್ಲ. “ಪಾಪ, ಆ ತಾಯಿ ಲಂಕೆಯಲ್ಲಿ ಕಾಯ್ತಾ ಇತ್ತಲ್ಲ” ಅನ್ನುತ್ತಿದ್ದಳು. ಲಿಂಗ ಬರಲೇ ಇಲ್ಲವಲ್ಲ, ಕೈಕಸೆ ಆಮೇಲೆ ಏನು ಮಾಡಿದಳು ಅಂತ ನಾನು ಒಮ್ಮೆ ಕೇಳಿದ್ದೆ. ಕೈಯಲ್ಲಿದ್ದ ಅಡಿಕೆ ಸುಲಿದು ಬುಟ್ಟಿಗೆ ಹಾಕಿ ಹೇಳಿದಳು: “ಮತ್ತೆ ಮರಳು ಕೂಡಿಸಿಕ್ಕು (ಕೂಡಿಸಿರಬೇಕು) ಕೂಸೇ. ಪೂಜೆ ಬಿಡಲೆ ಆಗ್ತಾ?”

ಅತ್ತೆಯ ಈ ಮಾತೇ ನನಗೆ ಪುರಾಣ.

ಆತ್ಮಲಿಂಗ ಮುಟ್ಟಿದ್ದನ್ನು ಮಾತ್ರ ಅವಳು ಪಿಸುಮಾತಿನಲ್ಲಿ ಹೇಳುತ್ತಿದ್ದಳು. ಪೀಠದ ನಡುವಿನ ಕುಳಿಗೆ ಕೈ ಇಳಿಸಬೇಕು. ಕಣ್ಣಿಗೆ ಏನೂ ಕಾಣುವುದಿಲ್ಲ, ಬೆರಳ ತುದಿಗಷ್ಟೇ ಸಿಗುತ್ತದೆ. “ತಂಪು ಇದ್ದಿತ್ತು” ಅನ್ನುವಾಗ ಆ ಬೆರಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿ ಹಿಡಿಯುತ್ತಿದ್ದಳು.

ಅತ್ತೆ ಹೋದದ್ದು ಕೊಯ್ಲಿನ ಹೊತ್ತಿಗೇ. ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡರು ತೋಟಕ್ಕೆ ಇಳಿದಿದ್ದರು. ಅಂಗಳದ ತುಂಬ ಅಡಿಕೆ. ಕ್ರಿಯೆಗೆ ಕೂತವನು ಅಣ್ಣ. ಅಸ್ಥಿ ಬಿಡಲು ಅವನೊಬ್ಬ ಹೋಗಿ ಬಂದರೆ ಸಾಕು, ಗೋಕರ್ಣದ ಭಟ್ಟರಿಗೆ ಫೋನ್ ಮಾಡಿದರೆ ಎಲ್ಲ ತಯಾರಿ ಇಟ್ಟಿರುತ್ತಾರೆ ಅಂದವರಿದ್ದರು. ಅತ್ತಿಗೆ ಒಪ್ಪಲಿಲ್ಲ. “ಅತ್ತೆ ಒಬ್ಬರ ಪಾಲಿನವಳಲ್ಲ. ಎಲ್ಲರೂ ಹೋಪನ” ಅಂದಳು. ಅತ್ತಿಗೆ ಗಟ್ಟಿಯಾಗಿ ಮಾತಾಡುವವಳೇ ಅಲ್ಲ. ಹಾಗಾಗಿ ಯಾರೂ ಎದುರಾಡಲಿಲ್ಲ. ಕೊಯ್ಲನ್ನು ಕೊನೆಗೌಡನಿಗೇ ಒಪ್ಪಿಸಿ, ಅಣ್ಣ, ಅತ್ತಿಗೆ, ಬೆಂಗಳೂರಿಂದ ಬಂದ ತಮ್ಮ, ಚಿಕ್ಕಪ್ಪ, ನಾನು, ಮಕ್ಕಳು, ಎಲ್ಲ ಒಂದೇ ಗಾಡಿ ಹತ್ತಿದೆವು.

ಶಿರಸಿಯಿಂದ ಗೋಕರ್ಣ 80 ಕಿಲೋಮೀಟರಿನ ಆಸುಪಾಸು. ದೊಡ್ಡ ದೂರವೇನಲ್ಲ. ಆದರೆ ಅಣ್ಣ ತಮ್ಮ ಇಬ್ಬರೂ ಒಂದೇ ಸೀಟಿನಲ್ಲಿ ಕೂತು ಇಷ್ಟು ದೂರ ಹೋಗಿ ಬಹಳ ಕಾಲ ಆಗಿತ್ತು. ತೋಟ ಹಿಸ್ಸೆ ಆದ ಮೇಲೆ ಇಬ್ಬರ ನಡುವೆ ಮಾತು ಕಮ್ಮಿ. ಜಗಳ ಅಂತ ಇಲ್ಲ. ಹಬ್ಬಕ್ಕೆ ಬರುತ್ತಾರೆ, ಊಟ ಮಾಡುತ್ತಾರೆ, ಹೋಗುತ್ತಾರೆ. ಅತ್ತೆಗೆ ಅದೇ ಚಿಂತೆ ಇತ್ತು.

ದೇವಿಮನೆಯಲ್ಲಿ ಗಾಡಿ ನಿಂತಿತು. ಘಟ್ಟ ಇಳಿಯುವವರು ಅಲ್ಲಿ ದೇವಿಗೆ ಕೈಮುಗಿಯದೆ ಮುಂದೆ ಹೋಗುವುದಿಲ್ಲ, ಅಲ್ವಾ. ನಮಗೆ ಸೂತಕ. ಡ್ರೈವರ್ ಒಬ್ಬನೇ ಇಳಿದು ಕಾಣಿಕೆ ಹಾಕಿ ಬಂದ. ಅಷ್ಟೊತ್ತಿಗೆ ಅಣ್ಣನ ಕಾಲು ಜೋಮು ಹಿಡಿದಿತ್ತು. ಮನೆಯಿಂದ ಕುಡಿಕೆ ಅವನ ಮಡಿಲಲ್ಲೇ ಇತ್ತು, ಕಾಲು ಅಲುಗಿಸಿರಲೇ ಇಲ್ಲ. ಇಳಿಯಲೇಬೇಕಾಯಿತು. ಪಕ್ಕದಲ್ಲಿದ್ದವನು ತಮ್ಮ. ಅಣ್ಣ ಎರಡೂ ಕೈಯಲ್ಲಿ ಕುಡಿಕೆ ಎತ್ತಿ ಅವನ ಕೈಗೆ ಕೊಡುತ್ತಾ ಅಂದ: “ಹಿಡ್ಕ. ಕೆಳಗೆ ಇಡಡ.”

ನನಗೆ ಮೈ ಜುಮ್ಮೆಂದಿತು. ಇದೇ ಮಾತಲ್ಲವಾ ರಾವಣ ಹೇಳಿದ್ದು? ಸಂಜೆ ಆಯಿತು ಅಂತ ಸಂಧ್ಯಾವಂದನೆಗೆ ಹೊರಟು, ದನ ಕಾಯುವ ಹುಡುಗನ ಕೈಗೆ ಲಿಂಗ ಕೊಟ್ಟು, ಹಿಡಿದುಕೋ, ಕೆಳಗೆ ಇಡಬೇಡ ಅಂದದ್ದು. ಅವನೂ ಹೋಗುತ್ತಿದ್ದದ್ದು ತಾಯಿಗಾಗಿ. ಇವರೂ ಹೋಗುತ್ತಿರುವುದು ಹೆತ್ತವಳಷ್ಟೇ ಮಾಡಿದವಳಿಗಾಗಿ. ರಾವಣ ಇಟ್ಟುಕೊಳ್ಳಲು ಹೊತ್ತು ತಂದ. ನಾವು ಬಿಟ್ಟು ಬರಲು ಹೊತ್ತು ಹೊರಟಿದ್ದೆವು. ಹೊತ್ತದ್ದು ಇಳಿಯುವ ಜಾಗ ಇಬ್ಬರಿಗೂ ಒಂದೇ. ಆ ಲಿಂಗ ನೆಲ ಮುಟ್ಟಿದ್ದು ಮೋಸದಿಂದ ಅಂತಲೇ ನಾನು ಇಷ್ಟು ದಿನ ತಿಳಿದಿದ್ದೆ. ಯಾರ ಮಡಿಲಿನ ಭಾರವಾದರೂ ಇಳಿಯುವುದಕ್ಕೆ ಭೂಮಿಯ ಮೇಲೆ ಒಂದು ಜಾಗ ಇರಲಿ ಅಂತ ಗಣಪತಿ ಗುರುತು ಮಾಡಿ ಇಟ್ಟನೇನೋ ಅಂತ ಅವತ್ತು ಅನಿಸಿತು.

ಅಣ್ಣ ವಾಪಸ್ ಬಂದು ಕೂತ. ಕುಡಿಕೆ ಕೇಳಲಿಲ್ಲ. ತಮ್ಮನೂ ಕೊಡಲಿಲ್ಲ. ಘಟ್ಟದ ತಿರುವುಗಳು ಶುರುವಾದವು. ಪ್ರತಿ ತಿರುವಿಗೂ ಕುಡಿಕೆಯ ಒಳಗಿಂದ ಸಣ್ಣ ಸದ್ದು. ಒಣಗಿದ ಚಾಲಿ ಅಡಿಕೆಯನ್ನು ಮೊರದಲ್ಲಿ ಅಲುಗಿಸಿದಾಗ ಬರುತ್ತದಲ್ಲ, ಅಂಥದ್ದೇ ಸದ್ದು. ಅತ್ತೆಯ ಜೀವಮಾನದ ಸದ್ದೇ ಅದು. ಇಂಜಿನ್ನಿನ ಗದ್ದಲದಲ್ಲೂ ನಮಗೆಲ್ಲ ಅದೊಂದೇ ಕೇಳುತ್ತಿತ್ತು. ಎಡಕ್ಕೆ ತಿರುಗಿದರೆ ಒಮ್ಮೆ, ಬಲಕ್ಕೆ ತಿರುಗಿದರೆ ಒಮ್ಮೆ. ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡಳು. ಒಂದು ದೊಡ್ಡ ತಿರುವಿನಲ್ಲಿ ಸದ್ದು ಜೋರಾದಾಗ ತಮ್ಮ ಕುಡಿಕೆಯ ಬಾಯಿಗೆ ಅಂಗೈ ಇಟ್ಟ. ಅವನ ಕೈ ಮೇಲೆ ಅಣ್ಣ ಕೈ ಇಟ್ಟ. ಕತಗಾಲ ಬರುವ ತನಕ ಇಬ್ಬರೂ ಕೈ ತೆಗೆಯಲಿಲ್ಲ. ಈಗಲೂ ರಾತ್ರಿ ನಿದ್ದೆ ಬಾರದಿದ್ದರೆ ನನಗೆ ಆ ಸದ್ದು ಕೇಳುತ್ತದೆ. ಹೆದರಿಕೆ ಆಗುವುದಿಲ್ಲ. ಅತ್ತೆ ಪಕ್ಕದ ಕೋಣೆಯಲ್ಲಿ ಏನೋ ಕೆಲಸ ಮಾಡುತ್ತಿದ್ದಾಳೆ ಅನಿಸುತ್ತದೆ.

ಹೆದ್ದಾರಿ ಸೇರಿ ಮಿರ್ಜಾನಿಗೆ ಹೋಗುವ ದಾರಿಯಲ್ಲಿ ಅಘನಾಶಿನಿ ಸಿಗುತ್ತಾಳೆ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಕೆಳಗೆ ಹಾರಿ, ಎಲ್ಲೂ ಒಂದು ಅಣೆಕಟ್ಟಿಗೆ ಸಿಗದೆ ತದಡಿಯ ಹತ್ತಿರ ಸಮುದ್ರ ಸೇರುವ ಹೊಳೆ. ಗ್ರಹಣ ಬಿಟ್ಟ ಮೇಲೆ ಅತ್ತೆ ಮುಳುಗು ಹಾಕುತ್ತಿದ್ದದ್ದು ಇದೇ ನೀರಿನಲ್ಲಿ, ಮೇಲೆ ನಮ್ಮೂರ ಕಡೆ. ಸೇತುವೆ ಮೇಲೆ ತಮ್ಮ ಗಾಜು ಇಳಿಸಿ ಕುಡಿಕೆಯನ್ನು ಸ್ವಲ್ಪ ಎತ್ತಿ ಹಿಡಿದ. ಮಗು ಯಾಕೆ ಅಂತ ಕೇಳಿತು. “ಅಮ್ಮಮ್ಮ ಹೊಳೆ ನೋಡ್ಲಿ” ಅಂದ.

ಚಿಕ್ಕಪ್ಪ ಮಾಸ್ತರಾಗಿದ್ದವರು. ಮಿರ್ಜಾನ್ ದಾಟಿದ ಮೇಲೆ ಅವರೇ ಮಾತು ತೆಗೆದರು. ಕಾಳಿದಾಸನ ರಘುವಂಶದಲ್ಲಿ ನಾರದರು ಆಕಾಶದಲ್ಲಿ ಹೋಗುತ್ತಿರುವುದು ದಕ್ಷಿಣ ಸಮುದ್ರದ ದಂಡೆಯಲ್ಲಿರುವ ಗೋಕರ್ಣದ ಈಶ್ವರನ ಸೇವೆಗೆ. ಅವರ ವೀಣೆಯ ಹೂಮಾಲೆ ಗಾಳಿಗೆ ಜಾರಿ ಅಜರಾಜನ ಹೆಂಡತಿ ಇಂದುಮತಿಯ ಮೇಲೆ ಬೀಳುತ್ತದೆ. ಅಷ್ಟಕ್ಕೇ ಅವಳ ಪ್ರಾಣ ಹೋಗುತ್ತದೆ. ಅಜ ಹೆಂಡತಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅಳುತ್ತಾನೆ. ಬಂಧುಗಳು ಬಿಡದೆ ಅತ್ತರೆ ಆ ಕಣ್ಣೀರು ಹೋದ ಜೀವವನ್ನು ಸುಡುತ್ತದೆ ಅಂತ ವಸಿಷ್ಠರು ಶಿಷ್ಯನ ಬಾಯಲ್ಲಿ ಹೇಳಿ ಕಳಿಸುತ್ತಾರೆ. ಇಷ್ಟು ಹೇಳುವಷ್ಟರಲ್ಲಿ ಚಿಕ್ಕಪ್ಪನ ಗಂಟಲು ಕಟ್ಟಿತು. ಅಕ್ಕನನ್ನು ಕಳೆದುಕೊಂಡವರು ಅವರು. ಅತ್ತಿಗೆ ನೀರಿನ ಬಾಟಲಿ ಕೊಟ್ಟಳು.

ಗೋಕರ್ಣದಲ್ಲಿ ನಮ್ಮ ಮನೆತನಕ್ಕೆ ತಲೆಮಾರಿನಿಂದ ನಡೆದು ಬಂದ ಭಟ್ಟರ ಮನೆಯಿದೆ. ಕೋಟಿತೀರ್ಥದ ಸ್ನಾನ ಆಯಿತು. ಪಿಂಡಕ್ಕೆ ಕೂತದ್ದೂ ಆಯಿತು. ತಾಮ್ರಗೌರಿ ಗುಡಿಯ ಹತ್ತಿರದ ತಾಮ್ರಪರ್ಣಿಯಲ್ಲಿ ಅಸ್ಥಿ ಬಿಡುವವರಿದ್ದಾರೆ, ಸಮುದ್ರದಲ್ಲಿ ಬಿಡುವವರೂ ಇದ್ದಾರೆ. ಅತ್ತೆಗೆ ಸಮುದ್ರವೇ ಸರಿ ಅಂತ ಅಣ್ಣ ಹೇಳಿದ. ಕೈಕಸೆಯ ಕಥೆ ಅವನಿಗೂ ನೆನಪಿತ್ತು.

ಎಳ್ಳು ನೀರು ಬಿಡುವಾಗ ಭಟ್ಟರು ಅತ್ತೆಯ ಹೆಸರು, ಗೋತ್ರ ಹೇಳಿಸಿದರು. ಕಾಶ್ಯಪ ಗೋತ್ರ. ನಮ್ಮದು ವಿಶ್ವಾಮಿತ್ರ. ಆಯುಷ್ಯವೆಲ್ಲ ನಮ್ಮ ಮನೆಯಲ್ಲಿ ಕಳೆದವಳು ಕೊನೆಯ ಕರೆಗೆ ಆ ಮನೆಯವಳಾಗಿ ಹೋಗಬೇಕು. ನನಗೆ ಒಂದು ಕ್ಷಣ ಸಂಕಟವಾಯಿತು. ಅತ್ತೆಗೆ ಆಗುತ್ತಿರಲಿಲ್ಲ ಅಂತ ಆಮೇಲೆ ಅನಿಸಿತು. ಗಂಡನ ಶ್ರಾದ್ಧದ ದಿನ ಅವಳು ಯಾರಿಗೂ ಹೇಳದೆ ಎಲೆಯ ಮೇಲಿನ ಒಂದು ತುತ್ತು ತೆಗೆದಿಡುತ್ತಿದ್ದದ್ದನ್ನು ನಾನು ನೋಡಿದ್ದೇನೆ.

ಮೂರು ಸಲ ಹೆಸರು ಹಿಡಿದು ಕರೆಯಬೇಕು. ಅಣ್ಣ ಕರೆದ. “ಉಳಿದವರು ಮನಸ್ಸಿನಲ್ಲೇ ಕರೆಯಿರಿ” ಅಂದರು ಭಟ್ಟರು. ಗಣಪತಿ ಕೂಡ ಮೂರು ಸಲ ಕರೆದಿದ್ದ, ಆಮೇಲೇ ಕೆಳಗಿಟ್ಟದ್ದು. ನಾವು ಮೂರು ಸಲ ಕರೆದೆವು. ಅಣ್ಣ ಸೊಂಟದ ನೀರಿಗೆ ಇಳಿದ. ತೆರೆ ಅವನನ್ನು ಹಿಂದಕ್ಕೆ ನೂಕುತ್ತಿತ್ತು. ತಮ್ಮ ಹಿಂದೆಯೇ ಹೋಗಿ ಭುಜ ಹಿಡಿದು ನಿಂತ. ಬಟ್ಟೆಯ ಗಂಟು ನೆನೆದು ಬಿಗಿಯಾಗಿತ್ತು, ಅಣ್ಣನ ಒಂದೇ ಕೈಗೆ ಬಿಚ್ಚಲಿಲ್ಲ. ತಮ್ಮ ಹಲ್ಲಿನಿಂದ ಗಂಟು ಸಡಿಲಿಸಿದ. ಬೂದಿ ನೀರಿನ ಮೇಲೆ ಸ್ವಲ್ಪ ಹೊತ್ತು ತೇಲಿತು. ಮೂಳೆಗಳು ಕೂಡಲೇ ಮುಳುಗಿದವು. ರಾವಣ ತನ್ನ ಬಲವೆಲ್ಲ ಹಾಕಿ ಎಳೆದರೂ ಲಿಂಗ ಮೇಲೆ ಬರಲಿಲ್ಲವಂತೆ. ಅದಕ್ಕೇ ಸ್ವಾಮಿಗೆ ಮಹಾಬಲೇಶ್ವರ ಅಂತ ಹೆಸರು. ಗೋಕರ್ಣದಲ್ಲಿ ಇಳಿಸಿದ್ದನ್ನು ಮತ್ತೆ ಎತ್ತಿಕೊಳ್ಳಲು ಯಾರಿಗೂ ಆಗುವುದಿಲ್ಲ. ದಡದಲ್ಲಿ ನಿಂತ ನಾನು ಅದನ್ನೇ ನೆನೆದು ಸಮಾಧಾನ ತಂದುಕೊಂಡೆ. ಅತ್ತೆ ಈಗ ಅವನ ಪಾಲು. ಇನ್ನು ಅವಳ ಮೊಣಕಾಲು ನೋಯುವುದಿಲ್ಲ.

ಒಂದು ಮಾತು ಹೇಳಬೇಕು. ಈಗ ಅಸ್ಥಿಯನ್ನು ಗೊತ್ತಿದ್ದವರ ಕಾರಿನಲ್ಲಿ ಕಳಿಸಿ, ಭಟ್ಟರಿಗೆ ದುಡ್ಡು ಹಾಕಿ, ವಾಟ್ಸಾಪಿನಲ್ಲಿ ಫೋಟೋ ತರಿಸಿಕೊಳ್ಳುವುದು ಜಾಸ್ತಿಯಾಗಿದೆ. ದೂರ ದೇಶದಲ್ಲಿ ಇರುವವರಿಗೆ, ಕಾಯಿಲೆಯಲ್ಲಿ ಇರುವವರಿಗೆ ಬೇರೆ ದಾರಿ ಇಲ್ಲ, ಒಪ್ಪುತ್ತೇನೆ. ಆದರೆ ಕೈಕಾಲು ಗಟ್ಟಿ ಇರುವವರು ದಯವಿಟ್ಟು ಹೋಗಿ. ಒಂದೇ ಗಾಡಿಯಲ್ಲಿ ಹೋಗಿ. ಮನಸ್ತಾಪ ಇದ್ದವರನ್ನೂ ಕರೆದುಕೊಂಡು ಹೋಗಿ. ಮಕ್ಕಳನ್ನು ಬಿಟ್ಟು ಹೋಗಬೇಡಿ, ಅವರ ಮಡಿಲಲ್ಲೂ ಒಮ್ಮೆ ಕುಡಿಕೆ ಇಡಿ. ಹಾಗೆಯೇ ಹೂವು, ಎಳ್ಳು ಒಯ್ದ ಪ್ಲಾಸ್ಟಿಕ್ ಕೊಟ್ಟೆಯನ್ನು (ಚೀಲವನ್ನು) ದಂಡೆಯಲ್ಲಿ ಬಿಸಾಕಿ ಬರಬೇಡಿ. ನಾವು ನಿಂತ ಜಾಗದಲ್ಲೇ ಅಂಥ ಕೊಟ್ಟೆಗಳು ಮರಳಿನಲ್ಲಿ ಅರ್ಧ ಹೂತು ಬಿದ್ದಿದ್ದವು. ಯಾರದೋ ಅಪ್ಪನಿಗೆ, ಯಾರದೋ ಆಯಿಗೆ ಅರ್ಪಿಸಿದ ಹೂವು ತಂದ ಕೊಟ್ಟೆ ಅದು. ನೋಡಿ ಹೊಟ್ಟೆ ಉರಿಯಿತು. ಅತ್ತಿಗೆ ಸುಮ್ನೆ ಬಗ್ಗಿ ಅವನ್ನೆಲ್ಲ ಆರಿಸಿ ಗಾಡಿಗೆ ತಂದಳು.

ಸೂತಕದಿಂದಾಗಿ ಸ್ವಾಮಿಯ ದರ್ಶನ ಆಗಲಿಲ್ಲ. ದೇವಸ್ಥಾನದ ಬೀದಿಯಲ್ಲಿ ದೂರ ನಿಂತೆವು. ಒಳಗೆ ಗಂಟೆ ಬಾರಿಸಿತು. ಅಣ್ಣ ಅಲ್ಲಿಂದಲೇ ಕೈಮುಗಿದು ಹರಕೆ ಹೇಳಿಕೊಂಡ. ವರ್ಷಾಂತಿಕ ಮುಗಿದ ಮೇಲೆ ಬರುವ ಮೊದಲ ಸೋಮವಾರ ಒಪ್ಪತ್ತು ಮಾಡಿ ಎಲ್ಲರೂ ಬರುವುದು. ಮೊದಲು ಗಣಪತಿ, ಆಮೇಲೆ ಮಹಾಬಲೇಶ್ವರ. ಮಕ್ಕಳ ಕೈಯಿಂದಲೂ ಆತ್ಮಲಿಂಗ ಮುಟ್ಟಿಸುವುದು. ಕೊಯ್ಲಿದ್ದರೂ ಸರಿ, ಆಫೀಸಿದ್ದರೂ ಸರಿ.

ಮಾಸಿಕಗಳು ನಡೆಯುತ್ತಿವೆ. ಆ ಸೋಮವಾರಕ್ಕೆ ತಮ್ಮ ಈಗಲೇ ರಜೆ ಹೇಳಿ ಇಟ್ಟಿದ್ದಾನಂತೆ. ನನಗೆ ಈ ಸುದ್ದಿ ಫೋನ್ ಮಾಡಿ ಹೇಳಿದವನು ಅಣ್ಣ.