ಕ್ವಾಂಟಂ ಲ್ಯಾಬಿಗೂ ಕೆಮಿಸ್ಟ್ರಿ ಓದಿದವರು ಬೇಕು

ಕೆಮಿಸ್ಟ್ರಿ ಎಂಎಸ್ಸಿ ಮುಗಿಸಿ ಕ್ವಾಂಟಂ ಇನ್ಫರ್ಮೇಶನ್‌ನಲ್ಲಿ, ಅಂದರೆ ಕ್ವಾಂಟಂ ಕಂಪ್ಯೂಟರ್‌ಗಳಿಗೆ ಸಂಬಂಧಿಸಿದ ವಿಷಯದಲ್ಲಿ, ಪಿಎಚ್‌ಡಿ ಮಾಡಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಧಾರಾಳವಾಗಿ ಮಾಡಬಹುದು, ನಾನು ಮಾಡುತ್ತಿರುವುದೂ ಅದನ್ನೇ. ಆದರೆ ಬರುವಾಗ ಕೆಮಿಸ್ಟ್ರಿಯನ್ನು ಬಿಟ್ಟು ಬರಬೇಡಿ. ಈ ಕೆಲಸದಲ್ಲಿ ಕೈ ಹಿಡಿಯುವುದೇ ಅದು.

ಕ್ವಾಂಟಂ ಕಂಪ್ಯೂಟರಿನಲ್ಲಿ ಅಣುವಿನ ಶಕ್ತಿ ಲೆಕ್ಕ ಹಾಕುವುದು ಇಲ್ಲಿನ ಒಂದು ಕೆಲಸ. ಹೈಡ್ರೋಜನ್ ಅಣುವನ್ನೇ ನೋಡಿ. ಇರುವುದು ಎರಡೇ ಎಲೆಕ್ಟ್ರಾನ್. ಎಸ್‌ಟಿಒ-3ಜಿ ಎಂಬ ಪುಟ್ಟ ಬೇಸಿಸ್ ಸೆಟ್‌ನಲ್ಲಿ (ಆರ್ಬಿಟಲ್‌ಗಳನ್ನು ಕಟ್ಟಲು ಬಳಸುವ ಗಣಿತದ ಫಂಕ್ಷನ್‌ಗಳ ಗುಂಪು) ಅದಕ್ಕೆ ನಾಲ್ಕು ಸ್ಪಿನ್ ಆರ್ಬಿಟಲ್, ಅಂದರೆ ನಾಲ್ಕು ಕ್ಯೂಬಿಟ್ (ಕ್ವಾಂಟಂ ಕಂಪ್ಯೂಟರಿನ ಬಿಟ್). ಭೌತವಿಜ್ಞಾನಿಗಳಾದ ಜೋರ್ಡಾನ್ ಮತ್ತು ವಿಗ್ನರ್ 1928ರಲ್ಲಿ ತೋರಿಸಿದ ದಾರಿ ಹಿಡಿದರೆ ಹ್ಯಾಮಿಲ್ಟೋನಿಯನ್, ಅಂದರೆ ಅಣುವಿನ ಶಕ್ತಿಯ ಸೂತ್ರ, 15 ತುಂಡಾಗುತ್ತದೆ. ಒಂದು ಬರೀ ಸ್ಥಿರಾಂಕ. ಉಳಿದವನ್ನು ಅಳೆದು ಕೂಡಿಸಿದರೆ ಶಕ್ತಿ ಸಿಗುತ್ತದೆ.

ಬಾಂಡ್ ಉದ್ದ 0.735 ಆಂಗ್‌ಸ್ಟ್ರಾಂ ಇಟ್ಟರೆ ಹಾರ್ಟ್ರಿ-ಫಾಕ್ ಲೆಕ್ಕ (ಪ್ರತಿ ಎಲೆಕ್ಟ್ರಾನ್ ಉಳಿದವುಗಳ ಸರಾಸರಿ ಪ್ರಭಾವವನ್ನಷ್ಟೇ ಕಾಣುತ್ತದೆ ಎಂದು ಹಿಡಿಯುವ ಸರಳ ವಿಧಾನ) ಸುಮಾರು -1.117 ಹಾರ್ಟ್ರಿ ಕೊಡುತ್ತದೆ. ಹಾರ್ಟ್ರಿ ಅನ್ನುವುದು ಶಕ್ತಿಯ ಅಳತೆ. ಆ ಬೇಸಿಸ್‌ನಲ್ಲಿ ಸರಿಯಾದ ಉತ್ತರ -1.137. ವ್ಯತ್ಯಾಸ 0.02. ಎರಡು ಪರ್ಸೆಂಟೂ ಇಲ್ಲ, ಹೋಗಲಿ ಬಿಡಿ ಅನ್ನಿಸುತ್ತದೆ ಅಲ್ವಾ? ಆದರೆ ಅದು ಮೋಲಿಗೆ ಸುಮಾರು 13 ಕಿಲೋಕ್ಯಾಲರಿ! ನಮಗೆ ಬೇಕಾದ ನಿಖರತೆ 1 ಕಿಲೋಕ್ಯಾಲರಿ. ಆಕ್ಟಿವೇಶನ್ ಎನರ್ಜಿಯಲ್ಲಿ 1.4 ಕಿಲೋಕ್ಯಾಲರಿ ಹೆಚ್ಚುಕಮ್ಮಿಯಾದರೆ ಸಾಕು, ಕೋಣೆಯ ಉಷ್ಣಾಂಶದಲ್ಲಿ ಕ್ರಿಯೆಯ ವೇಗ ಹತ್ತು ಪಟ್ಟು ತಪ್ಪುತ್ತದೆ. ಗ್ರಾಫಿನಲ್ಲಿ ಎರಡು ಲೆಕ್ಕಗಳ ಗೆರೆಗಳು ಒಂದರ ಮೇಲೊಂದು ಕೂತ ಹಾಗೆ ಕಂಡಾಗ ಈ ಮಾತು ಎತ್ತುವವರು ಕೆಮಿಸ್ಟ್ರಿಯವರೇ. ಎತ್ತಲೇಬೇಕು. ಯಾಕೆಂದರೆ ನಿಖರತೆಗೆ ಬೆಲೆ ಇದೆ: ಅಳತೆಯ ತಪ್ಪು ಹತ್ತನೇ ಒಂದು ಪಾಲಿಗೆ ಇಳಿಯಬೇಕಾದರೆ ನೂರು ಪಟ್ಟು ಜಾಸ್ತಿ ಸಲ ಅಳೆಯಬೇಕು. ಯಂತ್ರದ ನಾಯ್ಸ್ ಬೇರೆ.

ಇನ್ನೊಂದು, ಯಾವ ಅಣು ಆರಿಸಿಕೊಳ್ಳಬೇಕು ಅನ್ನುವುದು. ಸುಮ್ನೆ ದೊಡ್ಡದಾದರೆ ಸಾಲದು. ನೆಮ್ಮದಿಯಾಗಿ ಕೂತಿರುವ ಸಾಮಾನ್ಯ ಸಾವಯವ ಅಣುವಿಗೆ ಸಾಮಾನ್ಯ ಕಂಪ್ಯೂಟರಿನಲ್ಲಿ ಮಾಡುವ ಸಿಸಿಎಸ್‌ಡಿ(ಟಿ) ತರಹದ ಹಳೆಯ ವಿಧಾನವೇ ಚೆನ್ನಾಗಿ ನಡೆಯುತ್ತದೆ. ಕಷ್ಟ ಶುರುವಾಗುವುದು ಬಾಂಡ್ ಎಳೆದಾಗ, ಒಂದೇ ಎಲೆಕ್ಟ್ರಾನ್ ವಿನ್ಯಾಸದಿಂದ ಅಣುವನ್ನು ವಿವರಿಸಲು ಆಗದಿದ್ದಾಗ. ತೊಗರಿ, ಕಡಲೆ ಗಿಡದ ಬೇರುಗಂಟಿನ ಬ್ಯಾಕ್ಟೀರಿಯಾದಲ್ಲಿ ಗಾಳಿಯ ನೈಟ್ರೋಜನ್ನನ್ನು ಅಮೋನಿಯಾ ಮಾಡುವ ನೈಟ್ರೋಜನೇಸ್ ಎಂಬ ಕಿಣ್ವ ಇದೆಯಲ್ಲ, ಅದರ ಹೃದಯದಲ್ಲಿ ಏಳು ಕಬ್ಬಿಣ, ಒಂದು ಮಾಲಿಬ್ಡಿನಂ. ಎಲೆಕ್ಟ್ರಾನ್‌ಗಳು ಒಂದಕ್ಕೊಂದು ಹೆಣೆದುಕೊಂಡಿವೆ. ನನಗೆ ಈ ಕ್ಷೇತ್ರದ ಮೇಲೆ ಆಸೆ ಹುಟ್ಟಿಸಿದ್ದೇ ಅಂಥ ಅಣುಗಳು.

ಅಂದ ಹಾಗೆ, 2001ರಲ್ಲಿ ಶೋರ್ ಅಲ್ಗಾರಿದಂ (ಸಂಖ್ಯೆಯನ್ನು ಅಪವರ್ತನಗಳಾಗಿ ಒಡೆಯುವ ಕ್ವಾಂಟಂ ವಿಧಾನ) ಬಳಸಿ 15ನ್ನು 3 ಮತ್ತು 5 ಎಂದು ಒಡೆದ ಏಳು ಕ್ಯೂಬಿಟ್ ಯಂತ್ರ ಯಾವುದು ಗೊತ್ತಾ? ಅಣುವಿನ ರಚನೆ ತಿಳಿಯಲು ಕೆಮಿಸ್ಟ್ರಿಯವರು ಬಳಸುವ ಎನ್‌ಎಂಆರ್. ಕ್ಯೂಬಿಟ್ ಆಗಿದ್ದು ಅದಕ್ಕೆಂದೇ ತಯಾರಿಸಿದ ಅಣುವಿನ ನ್ಯೂಕ್ಲಿಯರ್ ಸ್ಪಿನ್‌ಗಳು. ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲೂ ಎನ್‌ಎಂಆರ್ ಮೂಲಕ ಕ್ವಾಂಟಂ ಕಂಪ್ಯೂಟಿಂಗ್ ಕೆಲಸ ನಡೆದಿದೆ.

ಕಲಿಯಬೇಕಾದದ್ದೂ ಇದೆ. ಲೀನಿಯರ್ ಆಲ್ಜೀಬ್ರಾ, ಅದರಲ್ಲೂ ಟೆನ್ಸರ್ ಪ್ರಾಡಕ್ಟ್, ಕೈಯಲ್ಲಿ ಬರೆದು ಬರೆದು ರೂಢಿಯಾಗಬೇಕು. ಪೈಥಾನ್ ಬೇಕು. ಅಣುವಿನ ಲೆಕ್ಕಕ್ಕೆ ಪೈಎಸ್‌ಸಿಎಫ್, ಕ್ವಾಂಟಂ ಪ್ರೋಗ್ರಾಂ ಬರೆಯಲು ಕಿಸ್ಕಿಟ್ ಎಂಬ ಸಾಫ್ಟ್‌ವೇರ್‌ಗಳಿವೆ, ಎರಡೂ ಉಚಿತ. ಗೈಡ್‌ಗೆ ಮೇಲ್ ಹಾಕುವ ಮೊದಲು ಹೈಡ್ರೋಜನ್ ಅಣುವಿನ ಬಾಂಡನ್ನು 0.5ರಿಂದ 2.5 ಆಂಗ್‌ಸ್ಟ್ರಾಂವರೆಗೆ ಎಳೆದು ಶಕ್ತಿಯ ಗ್ರಾಫ್ ಮಾಡಿ. ಹಾರ್ಟ್ರಿ-ಫಾಕ್ ಎಲ್ಲಿ ದಾರಿ ತಪ್ಪಿತು, ಯಾಕೆ ಅಂತ ನಿಮ್ಮ ಮಾತಲ್ಲಿ ಅರ್ಧ ಪುಟ ಬರೆದು ಜೊತೆಗೆ ಕಳಿಸಿ.