ಬಾಗಿಲು ಮುಚ್ಚದ ಕಾಲಯಂತ್ರ

1963ರ ಸೆಪ್ಟೆಂಬರ್ 27, ಶುಕ್ರವಾರ. ಲಂಡನ್ನಿನ ಲೈಮ್ ಗ್ರೋವ್‌ನಲ್ಲಿದ್ದ ಬಿಬಿಸಿಯ ಸ್ಟುಡಿಯೋ ಡಿ. ಯಾವ ಕಾಲಕ್ಕೆ ಬೇಕಾದರೂ ಹೋಗಬಲ್ಲ ಯಂತ್ರ ಸಿದ್ಧವಾಗಿ ನಿಂತಿದೆ. ಅದರ ಬಾಗಿಲು ಮಾತ್ರ ಮುಚ್ಚುತ್ತಿಲ್ಲ. ಒಳಗೆ ನಾಲ್ವರು ನಟರು ಗಂಭೀರವಾಗಿ ಮಾತಾಡುತ್ತಿದ್ದಾರೆ, ಹಿಂದೆ ಬಾಗಿಲಿನ ರೆಕ್ಕೆ ತನ್ನಷ್ಟಕ್ಕೆ ತೆರೆದುಕೊಳ್ಳುತ್ತದೆ, ದಡಬಡ ಸದ್ದು ಮಾಡುತ್ತದೆ, ಮತ್ತೆ ತೆರೆದುಕೊಳ್ಳುತ್ತದೆ. ಅದನ್ನು ದೂಡಿ ಮುಚ್ಚಲು ಸೆಟ್ಟಿನ ಹಿಂದೆ ಆಳುಗಳು ಪಡುವ ಪಾಡೂ ಮೈಕಿಗೆ ಬೀಳುತ್ತದೆ.

'ಡಾಕ್ಟರ್ ಹೂ' ಧಾರಾವಾಹಿಯ ಮೊಟ್ಟಮೊದಲ ಕಂತು ಇದು. ಹೆಸರು 'ಆನ್ ಅನ್‌ಅರ್ತ್‌ಲಿ ಚೈಲ್ಡ್'. ಆ ಶುಕ್ರವಾರದ ಮುದ್ರಣ ಆಗ ಪ್ರಸಾರವಾಗಲಿಲ್ಲ. ಮೂರು ವಾರ ಬಿಟ್ಟು, ಅಕ್ಟೋಬರ್ 18ರಂದು, ಅದೇ ಸ್ಟುಡಿಯೋದಲ್ಲಿ ಪೂರ್ತಿ ಕಂತನ್ನು ಮೊದಲಿನಿಂದ ಮಾಡಿದರು. ಪುಣ್ಯಕ್ಕೆ ಎರಡೂ ಉಳಿದಿವೆ. ಒಂದಾದ ಮೇಲೊಂದು ಹಾಕಿಕೊಂಡು ನೋಡಬೇಕು. ಒಂದು ಕಂತು ಎಲ್ಲೆಲ್ಲಿ ಕೆಡುತ್ತದೆ, ಕೆಟ್ಟದ್ದನ್ನು ಏನು ಮಾಡಿ ಸರಿಪಡಿಸುತ್ತಾರೆ ಎಂಬುದನ್ನು ಇಷ್ಟು ಬಿಡಿಸಿ ತೋರಿಸುವ ಜೋಡಿ ಟಿವಿಯ ಚರಿತ್ರೆಯಲ್ಲಿ ಹೆಚ್ಚಿಲ್ಲ.

ಕಥೆ ಸಣ್ಣದು. ಕೋಲ್ ಹಿಲ್ ಶಾಲೆಯಲ್ಲಿ ಸೂಸನ್ ಎಂಬ 15 ವರ್ಷದ ಹುಡುಗಿ. ಕೆಲವು ವಿಷಯಗಳಲ್ಲಿ ಮೇಷ್ಟ್ರುಗಳನ್ನೇ ಮೀರಿಸುವ ಜಾಣೆ, ಕೆಲವು ವಿಷಯಗಳಲ್ಲಿ ಚಿಕ್ಕ ಮಗುವಿಗೆ ಗೊತ್ತಿರುವುದೂ ಗೊತ್ತಿಲ್ಲ. ಚರಿತ್ರೆ ಟೀಚರ್ ಬಾರ್ಬರಾ ಮತ್ತು ವಿಜ್ಞಾನದ ಮೇಷ್ಟ್ರು ಇಯಾನ್, ಇವಳ ಮನೆ ಎಲ್ಲಿ ಎಂದು ತಿಳಿಯಲು ಕಾರಿನಲ್ಲಿ ಹೋಗಿ ಕಾಯುತ್ತಾರೆ. ವಿಳಾಸ: 76, ಟಾಟರ್ಸ್ ಲೇನ್. ಅಲ್ಲಿರುವುದು ಗುಜರಿ ಸಾಮಾನಿನ ಅಂಗಳ. ಅದರ ಮಧ್ಯೆ ಒಂದು ಪೊಲೀಸ್ ಬಾಕ್ಸ್, ಮುಟ್ಟಿದರೆ ಒಳಗಿನಿಂದ ಗುಂಯ್ ಎನ್ನುವ ಕಂಪನ. ಆಮೇಲೆ ಒಬ್ಬ ಮುದುಕ ಬರುತ್ತಾನೆ, ಹುಡುಗಿಯ ತಾತ. ಆ ಪೆಟ್ಟಿಗೆಯೇ ಅವನ ಕಾಲಯಂತ್ರ, ಕೊನೆಗೆ ಮೇಷ್ಟ್ರು, ಟೀಚರ್ ಇಬ್ಬರನ್ನೂ ಹೊತ್ತುಕೊಂಡು ಅದು ಹೊರಡುತ್ತದೆ.

ಪೊಲೀಸ್ ಬಾಕ್ಸ್ ಅಂದರೆ ಇವತ್ತು ಎಲ್ಲರಿಗೂ ಈ ಧಾರಾವಾಹಿಯೇ ನೆನಪಾಗುತ್ತದೆ. 1963ರ ಲಂಡನ್ನಿನವನಿಗೆ ಅದು ನಮ್ಮ ಬೀದಿಯ ಅಂಚೆ ಡಬ್ಬಿಯಷ್ಟೇ ಸಾಮಾನ್ಯ. ಹೊರಗಡೆ ಜನರ ಉಪಯೋಗಕ್ಕೆ ಒಂದು ಟೆಲಿಫೋನ್, ಒಳಗೆ ಬೀಟ್ ಪೊಲೀಸನಿಗೆ ಕೂರಲು ಜಾಗ, ಠಾಣೆಯಿಂದ ಕರೆ ಬಂದರೆ ಮಿನುಗಲು ನೆತ್ತಿಯ ಮೇಲೊಂದು ದೀಪ. ದಿನಾ ನೋಡುವ ಆ ವಸ್ತು ಇರಬಾರದ ಜಾಗದಲ್ಲಿದೆ ಎನ್ನುವುದೇ ಕಂತಿನ ಮೊದಲ ಭಯ. 1960ರ ದಶಕದ ಕೊನೆಯಿಂದ ಬೀದಿಯ ಪೆಟ್ಟಿಗೆಗಳನ್ನು ತೆಗೆಯತೊಡಗಿದರು, ಟಿವಿಯದು ಮಾತ್ರ ಉಳಿದುಕೊಂಡಿತು.

ಈಗ ಕೆಲಸದ ವಿಷಯಕ್ಕೆ ಬರೋಣ. ಅಂದಿನ ಟಿವಿ ನಾಟಕವನ್ನು ಸಿನಿಮಾದಂತೆ ತುಂಡು ತುಂಡಾಗಿ ಚಿತ್ರೀಕರಿಸುತ್ತಿರಲಿಲ್ಲ. ವಾರವೆಲ್ಲ ತಾಲೀಮು, ಕೊನೆಯ ದಿನ ಸ್ಟುಡಿಯೋದಲ್ಲಿ ಕ್ಯಾಮೆರಾ ತಾಲೀಮು, ಸಂಜೆ ಒಂದೇ ಓಟದಲ್ಲಿ ಮುದ್ರಣ. ಎರಡು ಇಂಚು ಅಗಲದ ವಿಡಿಯೋ ಟೇಪು. ಅದನ್ನು ಎಡಿಟ್ ಮಾಡಬೇಕೆಂದರೆ ಬ್ಲೇಡಿನಿಂದ ಕತ್ತರಿಸಬೇಕು. ಕತ್ತರಿಸುವ ಜಾಗದ ಕಾಂತೀಯ ಗೆರೆಗಳು ಬರಿಗಣ್ಣಿಗೆ ಕಾಣುವುದಿಲ್ಲ, ಆದ್ದರಿಂದ ಕಬ್ಬಿಣದ ನುಣ್ಣನೆಯ ಪುಡಿ ಬೆರೆಸಿದ ದ್ರವ ಸವರಿ, ಸೂಕ್ಷ್ಮದರ್ಶಕದಲ್ಲಿ ನೋಡಿ ಕೊಯ್ಯಬೇಕು. ಗೆರೆ ಸ್ವಲ್ಪ ತಪ್ಪಿದರೂ ಚಿತ್ರ ಉರುಳುತ್ತದೆ. ಟೇಪು ದುಬಾರಿ, ಅಳಿಸಿ ಮತ್ತೆ ಬಳಸುವಂಥದ್ದು, ಕತ್ತರಿ ಬಿದ್ದರೆ ಅದರ ಬೆಲೆ ಹೋಯಿತು. ಹಾಗಾಗಿ ಒಂದು ಕಂತಿಗೆ ಬೆರಳೆಣಿಕೆಯ ಕತ್ತರಿಗಷ್ಟೇ ಅನುಮತಿ. ಸಂಗೀತ, ಸದ್ದುಗಳನ್ನೂ ಆಮೇಲೆ ಸೇರಿಸುವಂತಿಲ್ಲ, ನಟರು ಆಡುತ್ತಿರುವಾಗಲೇ ಪಕ್ಕದಿಂದ ನುಡಿಸಬೇಕು.

ಕಂಪನಿ ನಾಟಕ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಹಿಂದೆ ಅರಮನೆಯ ಸೀನರಿ ಬಿಚ್ಚಿ ಕಾಡು ಕಟ್ಟುವಷ್ಟು ಹೊತ್ತು ಮುಂದಿನ ಪರದೆಯ ಮೇಲೆ ಹಾಸ್ಯದವರು ಜನರನ್ನು ಹಿಡಿದಿಡಬೇಕು. ಈ ಕಂತಿನಲ್ಲೂ ಅಂಥ ಒಂದು ಉಪಾಯವಿದೆ, ನನಗೆ ಇಡೀ ಕಂತಿನಲ್ಲಿ ಅತಿ ಇಷ್ಟವಾದದ್ದೂ ಅದೇ. ಕಾರಿನಲ್ಲಿ ಕೂತ ಮೇಷ್ಟ್ರು, ಟೀಚರ್ ಇಬ್ಬರೂ ತರಗತಿಯಲ್ಲಿ ಸೂಸನ್ ಮಾಡಿದ ವಿಚಿತ್ರಗಳನ್ನು ನೆನೆಸಿಕೊಳ್ಳುತ್ತಾರೆ. ತೆರೆಯ ಮೇಲೆ ತರಗತಿ ಬರುತ್ತದೆ. ಸೂಸನ್ ಕಾಣುತ್ತಾಳೆ, ಅವಳನ್ನು ಪ್ರಶ್ನಿಸುವ ಮೇಷ್ಟ್ರ ಮುಖ ಕಾಣುವುದಿಲ್ಲ, ದನಿ ಮಾತ್ರ ಕೇಳುತ್ತದೆ. ಕಾಣುವುದಾದರೂ ಹೇಗೆ? ಆ ನಟರು ಸ್ಟುಡಿಯೋದ ಇನ್ನೊಂದು ಮೂಲೆಯಲ್ಲಿ ಕಾರಿನೊಳಗೆ ಕೂತಿದ್ದಾರೆ. ಎದ್ದು ಓಡಿಬರಲು ಸಮಯವಿಲ್ಲ. ಹೀಗಾಗಿ ಕ್ಯಾಮೆರಾವೇ ಮೇಷ್ಟ್ರ ಕಣ್ಣಾಗುತ್ತದೆ, ಸೂಸನ್ ನೇರ ನಮ್ಮನ್ನೇ ನೋಡಿ ಉತ್ತರ ಹೇಳುತ್ತಾಳೆ. ಅನಿವಾರ್ಯಕ್ಕೆ ಮಾಡಿದ್ದು, ಆದರೆ ನೋಡುವವನನ್ನು ತನಿಖೆ ಮಾಡುವವನ ಜಾಗದಲ್ಲಿ ಕೂರಿಸಿಬಿಡುತ್ತದೆ.

ಆ ತರಗತಿಯ ತುಣುಕುಗಳಲ್ಲಿ ಒಂದು ಗಣಿತದ್ದು. ಮೂರು ಆಯಾಮಗಳ ಲೆಕ್ಕಕ್ಕೆ ಸೂಸನ್ ಇನ್ನೆರಡು ಬೇಕು ಎಂದು ಹಟ ಹಿಡಿಯುತ್ತಾಳೆ. ನಾಲ್ಕನೆಯದು ಕಾಲ, ಐದನೆಯದು ಆಕಾಶ (ಸ್ಪೇಸ್) ಅನ್ನುತ್ತಾಳೆ. ಮೊದಲ ಮೂರೇ ಆಕಾಶದವಲ್ಲವೇ ಎಂದು ಕೇಳುವವರು ಕೇಳಲಿ, ಅಲ್ಲಿ ಲೇಖಕರು ಸ್ವಲ್ಪ ಜಾರಿದ್ದಾರೆ. ಇನ್ನೊಂದು ತುಣುಕು ಅದಕ್ಕಿಂತ ಬಹಳ ಚೆನ್ನ. ಒಂದು ಪೌಂಡಿಗೆ ಎಷ್ಟು ಶಿಲಿಂಗ್ ಎಂದರೆ ಸೂಸನ್‌ಗೆ ಗೊತ್ತಿಲ್ಲ. ನಿಮ್ಮಲ್ಲಿ ದಶಮಾಂಶ ಪದ್ಧತಿ ಇದೆ ಅಂದುಕೊಂಡಿದ್ದೆ ಅನ್ನುತ್ತಾಳೆ, ತರಗತಿ ನಗುತ್ತದೆ, ಓ ಅದು ಇನ್ನೂ ಶುರುವಾಗಿಲ್ಲ ಅಲ್ಲವೇ ಎಂದು ನಾಲಿಗೆ ಕಚ್ಚಿಕೊಳ್ಳುತ್ತಾಳೆ. ಆಗ ಬ್ರಿಟನ್ನಿನಲ್ಲಿ 12 ಪೆನ್ಸಿಗೆ ಒಂದು ಶಿಲಿಂಗ್, 20 ಶಿಲಿಂಗಿಗೆ ಒಂದು ಪೌಂಡ್. 1961ರಲ್ಲಿ ನೇಮಕವಾದ ಸಮಿತಿ ಬದಲಾವಣೆಯ ಬಗ್ಗೆ 1963ರಲ್ಲಿ ವರದಿ ಕೊಟ್ಟಿತ್ತು. ನೂರು ಪೆನ್ಸಿಗೆ ಒಂದು ಪೌಂಡ್ ಆದದ್ದು 1971ರ ಫೆಬ್ರವರಿ 15ರಂದು. ಪತ್ರಿಕೆಯಲ್ಲಿ ಓಡಾಡುತ್ತಿದ್ದ ಚರ್ಚೆಯನ್ನು ಎತ್ತಿ ಭವಿಷ್ಯದಿಂದ ಬಂದವಳ ಬಾಯಿತಪ್ಪಾಗಿ ಮಾಡಿದ್ದಾರೆ. ಒಂದು ಪೈಸೆ ಖರ್ಚಿಲ್ಲದ ಸ್ಪೆಷಲ್ ಎಫೆಕ್ಟ್. ನಮ್ಮವರು ನೋಡಿದರೆ ಇನ್ನೊಂದು ನಗು ಹೆಚ್ಚು: 1957ರ ಏಪ್ರಿಲ್ 1ರಿಂದಲೇ ನಮ್ಮಲ್ಲಿ 16 ಆಣೆಯ ರೂಪಾಯಿ ಹೋಗಿ 100 ನಯಾಪೈಸೆಯ ರೂಪಾಯಿ ಬಂದಿತ್ತು. ಸೂಸನ್ ಹೇಳಿದ ಆ ಭವಿಷ್ಯದಲ್ಲಿ ನಮ್ಮೂರ ಶೆಟ್ಟರ ಅಂಗಡಿ ಆಗಲೇ ಇತ್ತು.

ಸದ್ದಿನ ವಿಷಯಕ್ಕೆ ಬಂದರೆ ಹೇಳಿ ಮುಗಿಯುವುದಿಲ್ಲ. ಶೀರ್ಷಿಕೆ ಸಂಗೀತದ ರಾಗ ರಾನ್ ಗ್ರೇನರ್ ಅವರದು. ಕಾಗದದ ಮೇಲಿದ್ದ ಅದಕ್ಕೆ ಜೀವ ಕೊಟ್ಟವರು ಬಿಬಿಸಿಯ ವಿಶೇಷ ಸದ್ದುಗಳನ್ನು ತಯಾರಿಸುತ್ತಿದ್ದ ವಿಭಾಗ, ರೇಡಿಯೋಫೋನಿಕ್ ವರ್ಕ್‌ಶಾಪಿನ ಡೀಲಿಯಾ ಡರ್ಬಿಶೈರ್, ಜೊತೆಗೆ ಸಹಾಯಕ್ಕೆ ಡಿಕ್ ಮಿಲ್ಸ್. ಸಿಂಥಸೈಜರ್ ಇನ್ನೂ ಕೈಗೆ ಬಂದಿರದ ಕಾಲ. ಉಪಕರಣಗಳನ್ನು ಪರೀಕ್ಷಿಸಲು ಇಟ್ಟಿದ್ದ, ಒಂದೇ ಶ್ರುತಿಯ ನಾದ ಹೊರಡಿಸುವ ಆಸಿಲೇಟರುಗಳಿಂದ ರಾಗದ ಸ್ವರ, ಮೀಟಿದ ಒಂದು ತಂತಿಯ ನಾದದಿಂದ ಆ ಗಡಗಡ ಕುದುರೆ ಓಟದ ಬಾಸ್, ಸೋಸಿದ ಬಿಳಿ ಗದ್ದಲದಿಂದ (ರೇಡಿಯೋದಲ್ಲಿ ಸ್ಟೇಷನ್ ಸಿಗದಾಗ ಬರುವಂಥ ಸದ್ದು) ಗಾಳಿಯ ಸುಯ್ಯೆನ್ನುವ ಸದ್ದು. ಒಂದೊಂದು ಸ್ವರವನ್ನೂ ಟೇಪಿಗೆ ಇಳಿಸಿ, ವೇಗ ಏರಿಸಿ ಇಳಿಸಿ ಶ್ರುತಿ ಸರಿಮಾಡಿ, ಬೇಕಾದಷ್ಟು ಉದ್ದಕ್ಕೆ ಕತ್ತರಿಸಿ ಅಂಟಿಸಬೇಕು. ಇಲ್ಲಿ ತಾಳ ಎಂದರೆ ಇಂಚಿನ ಲೆಕ್ಕ. ಸೆಕೆಂಡಿಗೆ 15 ಇಂಚು ಓಡುವ ಟೇಪಿನಲ್ಲಿ ಅರ್ಧ ಸೆಕೆಂಡಿನ ಸ್ವರ ಬೇಕೆಂದರೆ ಏಳೂವರೆ ಇಂಚಿನ ತುಂಡು. ಆಕಾಶವಾಣಿಯಲ್ಲಿ ಸ್ಪೂಲ್ ಟೇಪು, ಬ್ಲೇಡು ಹಿಡಿದು ಕೆಲಸ ಮಾಡಿದವರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಿಲ್ಲ.

ಹಲವು ಟ್ರ್ಯಾಕುಗಳನ್ನು ಒಂದೇ ಟೇಪಿನಲ್ಲಿ ಸೇರಿಸುವ ಯಂತ್ರ ಅವರ ಬಳಿ ಇರಲಿಲ್ಲ. ಬಾಸ್ ಒಂದು ಯಂತ್ರದಲ್ಲಿ, ರಾಗ ಇನ್ನೊಂದರಲ್ಲಿ, ಎಲ್ಲವನ್ನೂ ಒಟ್ಟಿಗೆ ಒತ್ತಿ ಓಡಿಸಿ ಬೆರೆಸಬೇಕು. ಒಂದು ಸಲ ಎಲ್ಲೋ ಒಂದು ಸ್ವರ ಹೆಚ್ಚುಕಡಿಮೆಯಾಗಿ ತಾಳ ತಪ್ಪಿತಂತೆ. ಎಲ್ಲಿ ಎಂದು ಕಿವಿಗೆ ಸಿಗಲಿಲ್ಲ. ಟೇಪುಗಳನ್ನು ವರಾಂಡದ ಉದ್ದಕ್ಕೂ ಪಕ್ಕಪಕ್ಕ ಹಾಸಿ, ಅಂಟಿನ ಜೋಡಣೆಗಳು ಸಾಲಿಗೆ ಬರುತ್ತವೆಯೇ ಎಂದು ಕಣ್ಣಲ್ಲಿ ನೋಡಿ ತಪ್ಪು ಹಿಡಿದರು. ಗ್ರೇನರ್ ಸಂಗೀತ ಕೇಳಿ ಬೆರಗಾಗಿ ಡರ್ಬಿಶೈರ್ ಅವರ ಹೆಸರೂ ಜೊತೆಗೆ ಬರಲಿ ಎಂದರು, ವರ್ಕ್‌ಶಾಪಿನವರ ಹೆಸರು ಹಾಕುವ ಪದ್ಧತಿ ಇಲ್ಲವೆಂದು ಬಿಬಿಸಿ ಒಪ್ಪಲಿಲ್ಲ. ತೆರೆಯ ಮೇಲೆ ಆ ಹೆಸರು ಬರಲು 2013ರ ಐವತ್ತನೇ ವರ್ಷದ ವಿಶೇಷ ಕಂತಿನವರೆಗೆ ಕಾಯಬೇಕಾಯಿತು. ಅವರು ತೀರಿಕೊಂಡದ್ದು 2001ರಲ್ಲಿ.

ಯಂತ್ರ ಹೊರಡುವ ಆ ಕೀರಲು ಸದ್ದು ಅದೇ ವರ್ಕ್‌ಶಾಪಿನ ಬ್ರಯಾನ್ ಹಾಡ್ಜ್‌ಸನ್ ಮಾಡಿದ್ದು. ಹಳೆಯ ಪಿಯಾನೋ ಒಂದರ ದಪ್ಪ ತಂತಿಯ ಮೇಲೆ ಮನೆಯ ಬೀಗದ ಕೈಯನ್ನು ಉದ್ದಕ್ಕೆ ಕೆರೆದು, ವೇಗ ತಗ್ಗಿಸಿ, ಹಿಂದುಮುಂದಾಗಿ ಓಡಿಸಿ, ಮಾರ್ದನಿ ಸೇರಿಸಿದ್ದು. ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ತಂತಿಯ ಸುರುಳಿಯ ಮೇಲೆ ಲೋಹ ತೊಡರುವುದು ಈಗಲೂ ಗೊತ್ತಾಗುತ್ತದೆ.

ಶೀರ್ಷಿಕೆಯ ಮೋಡ ಮೋಡದ ಬೆಳಕಿಗೂ ಇಷ್ಟೇ ಸರಳ ಮೂಲ. ಶೀರ್ಷಿಕೆ ರೂಪಿಸಿದ ಬರ್ನಾರ್ಡ್ ಲಾಡ್ಜ್ ಬಳಸಿದ ವಿಧಾನದಲ್ಲಿ ಕ್ಯಾಮೆರಾವನ್ನು ಅದರದೇ ಚಿತ್ರ ತೋರಿಸುವ ಮಾನಿಟರಿನತ್ತ ತಿರುಗಿಸುತ್ತಾರೆ. ಎದುರುಬದುರು ಕನ್ನಡಿ ಇಟ್ಟಂತೆ ಚಿತ್ರ ತನ್ನೊಳಗೇ ಸುತ್ತುತ್ತದೆ. ಮಧ್ಯೆ ಒಂದು ಸಣ್ಣ ಬೆಳಕು ಹೊಳೆಸಿದರೆ ಅದು ಹಬ್ಬಿ, ಸೀಳಿ, ಹೊಗೆಯಂತೆ ಮೇಲೇರುತ್ತದೆ. ಕಂತಿನ ಕೊನೆಗೆ ಯಂತ್ರ ಹಾರುವಾಗ ನಟರ ಮುಖದ ಮೇಲೆ ಇದೇ ಬೆಳಕನ್ನು ಮತ್ತೆ ಹರಿಸಿದ್ದಾರೆ.

ಹಾಗಾದರೆ ಮೊದಲ ಮುದ್ರಣದಲ್ಲಿ ಕೆಟ್ಟದ್ದು ಬಾಗಿಲು ಒಂದೇ ಏನು? ಅಲ್ಲ. ಕ್ಯಾಮೆರಾ ಸೆಟ್ಟಿನಲ್ಲಿ ತಡವರಿಸುತ್ತದೆ, ಒಳಗಿನ ಗುಂಯ್ ಸದ್ದು ಮಾತನ್ನು ನುಂಗುತ್ತದೆ. ಪೆಟ್ಟಿಗೆಯ ಒಳಗಿನ ಭಾಗವನ್ನು ಆ ದಿನ ಮತ್ತೆ ಮತ್ತೆ ಶುರುಮಾಡಬೇಕಾಯಿತು. ಅದಕ್ಕಿಂತ ದೊಡ್ಡ ತೊಂದರೆ ಮುದುಕನದು. ಆ ಪಾತ್ರದ ವಿಲಿಯಂ ಹಾರ್ಟ್‌ನೆಲ್ ಇಲ್ಲಿ ಕೋಟು, ಟೈ ತೊಟ್ಟ ಸಿಡುಕು ಮನುಷ್ಯ, ಕಣ್ಣಲ್ಲಿ ಕನಿಕರವೇ ಇಲ್ಲ. ಕೆನಡಾದಿಂದ ಬಂದು ನಾಟಕ ವಿಭಾಗದ ಮುಖ್ಯಸ್ಥರಾಗಿದ್ದ ಸಿಡ್ನಿ ನ್ಯೂಮನ್ ನೋಡಿ, ಈ ಮುದುಕನನ್ನು ಮಕ್ಕಳು ಹಚ್ಚಿಕೊಳ್ಳುವುದಿಲ್ಲ, ಹುಡುಗಿಯೂ ಅತಿ ವಿಚಿತ್ರ, ಇನ್ನೊಮ್ಮೆ ಮಾಡಿ ಎಂದರು. ಕಂತಿಗೆ ಸುಮಾರು 2,300 ಪೌಂಡ್ ಬಜೆಟ್ ಇದ್ದ ಧಾರಾವಾಹಿಗೆ ಅದು ಸಣ್ಣ ಮಾತಲ್ಲ.

ಕೇಳಿಸಿಕೊಂಡವರು ಇಬ್ಬರು. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್, ವಯಸ್ಸು 27. ನಿರ್ದೇಶಕ ವಾರಿಸ್ ಹುಸೇನ್, ಲಕ್ನೋದಲ್ಲಿ ಹುಟ್ಟಿದವರು, ವಯಸ್ಸು 24. ಬಿಬಿಸಿಯ ಅಂದಿನ ಹಿರಿಯ ತಲೆಗಳ ನಡುವೆ ಒಬ್ಬ ಯುವತಿ, ಒಬ್ಬ ಭಾರತ ಮೂಲದ ಹುಡುಗ. ಇವರ ಪಾಲಿಗೆ ಬಂದದ್ದು ಲೈಮ್ ಗ್ರೋವ್‌ನ ಇಕ್ಕಟ್ಟಾದ, ದೀಪದ ಶಾಖಕ್ಕೆ ಬೆಂದುಹೋಗುವ ಹಳೆಯ ಸ್ಟುಡಿಯೋ.

ಎರಡನೇ ಸಲ ಏನೇನು ಬದಲಾಯಿತು ಎನ್ನುವುದನ್ನು ನಿಲ್ಲಿಸಿ ನಿಲ್ಲಿಸಿ ನೋಡಬಹುದು. ಶೀರ್ಷಿಕೆಯ ಆರಂಭದಲ್ಲಿದ್ದ ಗುಡುಗಿನ ಸದ್ದು ಹೋಯಿತು. ತಾತನಿಗೆ ಹಳೆಯ ಕಾಲದ ಉದ್ದ ಕೋಟು ಬಂತು, ಸಿಟ್ಟಿನ ಜಾಗದಲ್ಲಿ ತುಂಟ ನಗೆ ಬಂತು. ಮೊದಲು ಸೂಸನ್ ತಾನು 49ನೇ ಶತಮಾನದವಳು ಅನ್ನುತ್ತಿದ್ದಳು. ಈಗ ಬೇರೆ ಕಾಲ, ಬೇರೆ ಲೋಕ ಅನ್ನುತ್ತಾಳೆ. ಅರವತ್ತು ವರ್ಷ ಓಡಿದ ಧಾರಾವಾಹಿಗೆ ಈ ಒಂದು ಅಸ್ಪಷ್ಟ ಸಾಲು ಮಾಡಿದ ಉಪಕಾರ ದೊಡ್ಡದು, ಇಸವಿ ಹೇಳಿಬಿಟ್ಟಿದ್ದರೆ ಮುಂದಿನ ಲೇಖಕರ ಕೈಕಟ್ಟಿದಂತಾಗುತ್ತಿತ್ತು. ಮೊದಲ ಮುದ್ರಣದಲ್ಲಿ ಸೂಸನ್ ಒಬ್ಬಳೇ ಕೂತು ಕಾಗದದ ಮೇಲೆ ಶಾಯಿ ಚೆಲ್ಲಿ ಮಡಿಸಿ ಆಕಾರ ಮಾಡುತ್ತಾಳೆ, ಯಾಕೆಂದು ತಿಳಿಯುವುದಿಲ್ಲ. ಎರಡನೆಯದರಲ್ಲಿ ಬಾರ್ಬರಾ ಕೊಟ್ಟ ಫ್ರೆಂಚ್ ಕ್ರಾಂತಿಯ ಪುಸ್ತಕ ತಿರುವಿ, ಇದು ಹೀಗಿರಲಿಲ್ಲ ಅನ್ನುತ್ತಾಳೆ. ಒಂದೇ ಮಾತಿಗೆ ಮೈ ಜುಂ ಎನ್ನುತ್ತದೆ.

ಹಾಗಂತ ಹೊಸದೆಲ್ಲ ಗೆಲುವಲ್ಲ. ಹಾರ್ಟ್‌ನೆಲ್‌ರ ಆ ಮೊದಲ ಕ್ರೂರ ಮುದುಕ ನನಗೆ ಇನ್ನೂ ಬೇಕೆನಿಸುತ್ತಾನೆ. ಎರಡು ಅಪರಿಚಿತ ಜೀವಗಳನ್ನು ಹೊತ್ತೊಯ್ಯುವವನು ಅವನೇ ಸರಿ.

ಪ್ರಸಾರದ ಗ್ರಹಚಾರ ಎಲ್ಲರಿಗೂ ಗೊತ್ತಿರುವುದೇ. ನವೆಂಬರ್ 22ರ ಸಂಜೆ ಲಂಡನ್ ಗಡಿಯಾರ ಆರೂವರೆ ತೋರಿಸುವಾಗ ಡಲ್ಲಾಸಿನಲ್ಲಿ ಕೆನಡಿಗೆ ಗುಂಡು ಬಿತ್ತು. ಮಾರನೇ ದಿನ, ಶನಿವಾರ ಸಂಜೆ ಐದೂಕಾಲಿನ ಕಾರ್ಯಕ್ರಮ ಒಂದು ನಿಮಿಷದ ಮೇಲೆ ತಡವಾಗಿ ಶುರುವಾಯಿತು. ನೋಡಿದವರು 44 ಲಕ್ಷ. ಮುಂದಿನ ಶನಿವಾರ ಎರಡನೇ ಕಂತಿಗೆ ಮೊದಲು ಇದನ್ನೇ ಮತ್ತೊಮ್ಮೆ ಹಾಕಿದರು.

ಈಗ ನೋಡುವವರಿಗೆ ಒಂದು ಮಾತು. ಮೂಲ ಟೇಪು ಉಳಿದಿಲ್ಲ. ಉಳಿದಿರುವುದು, ಮಾನಿಟರಿನ ಎದುರು ಫಿಲ್ಮ್ ಕ್ಯಾಮೆರಾ ಇಟ್ಟು ಹಿಡಿದ 16 ಎಂಎಂ ಪ್ರತಿ. ಸ್ಟುಡಿಯೋ ಕ್ಯಾಮೆರಾ ಸೆಕೆಂಡಿಗೆ 50 ಸಲ ಚಿತ್ರ ಹಿಡಿದರೆ ಫಿಲ್ಮ್ 25 ಸಲ ಹಿಡಿಯುತ್ತದೆ, ಹಾಗಾಗಿ ಚಲನೆ ಸಿನಿಮಾದಂತೆ ಕಾಣುತ್ತದೆ. 2006ರ ಡಿವಿಡಿಯಲ್ಲಿ ಮಧ್ಯದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ತುಂಬಿ ಆ ಹಳೆಯ ನೇರಪ್ರಸಾರದ ನುಣುಪನ್ನು ಮರಳಿ ತಂದಿದ್ದಾರೆ. ಸಿಕ್ಕರೆ ಅದನ್ನೇ ನೋಡಿ. ಮೊದಲ ಮುದ್ರಣವೂ ಅದರಲ್ಲೇ ಇದೆ. ಒಳಗಿನ ಯಂತ್ರ ಹೊಳೆಯುವ ಬಿಳಿ ಎಂದು ಭಾವಿಸಬೇಡಿ, ಬಿಳಿ ಬಣ್ಣ ಕ್ಯಾಮೆರಾದಲ್ಲಿ ಕೋರೈಸುತ್ತದೆಂದು ಅದಕ್ಕೆ ತಿಳಿಹಸಿರು ಬಳಿದಿದ್ದರು.

ಕೊನೆಯ ಚಿತ್ರದಲ್ಲಿ ಪೆಟ್ಟಿಗೆ ಮರಳುನೆಲದಲ್ಲಿ ವಾರೆಯಾಗಿ ನಿಂತಿರುತ್ತದೆ, ಅದರತ್ತ ಒಬ್ಬ ಮನುಷ್ಯನ ನೆರಳು ಚಾಚುತ್ತದೆ. ಅಲ್ಲಿಗೆ ನಿಲ್ಲಿಸಿದರೂ ನಷ್ಟವಿಲ್ಲ. ಇದರ ಮುಂದಿನ ಮೂರು ಕಂತು ಗುಹೆಯ ಜನ ಬೆಂಕಿಗಾಗಿ ಕಚ್ಚಾಡುವುದರಲ್ಲಿ ಕಳೆಯುತ್ತವೆ, ಆಕಳಿಕೆ ಬಂದರೆ ನಿಮ್ಮ ತಪ್ಪಲ್ಲ. ನೇರ ಡಿಸೆಂಬರ್ 21ರ ಕಂತಿಗೆ ಹೋಗಿ, ಈ ಧಾರಾವಾಹಿಯ ಹೆಸರಾಂತ ಖಳರಾದ ಡಾಲೆಕ್‌ಗಳು ಬರುವುದು ಅಲ್ಲಿಂದ.