ಕೊಳವೆಬಾವಿಯ ನೀರು, ಮಾವಿನ ಅಂಟು ಮತ್ತು ಕಾರಿನ ಬಣ್ಣ

ಕೋಲಾರದ ನಮ್ಮ ಮನೆಯ ಮುಂದಿನ ಮಾವಿನ ಮರದ ನೆರಳಿನಲ್ಲಿ ನಮ್ಮ ಕಡುನೀಲಿ ಬಣ್ಣದ ಕಾರು ಎಂಟು ವರ್ಷಗಳಿಂದ ನಿಲ್ಲುತ್ತಿದೆ. ಮರ ಹೂ ಬಿಡುವ ಕಾಲಕ್ಕೆ ಜಿಗಿಹುಳುಗಳು ಸ್ರವಿಸುವ ಸಿಹಿ ಅಂಟು ಬಾನೆಟ್ಟಿನ ಮೇಲೆ ತುಂತುರಾಗಿ ಬಿದ್ದು, ಅದಕ್ಕೆ ರಸ್ತೆಯ ಧೂಳು ಹತ್ತಿ, ಬಿಸಿಲಿಗೆ ಒಣಗಿ ಗಟ್ಟಿಯಾಗುತ್ತದೆ. ಅದನ್ನು ಕೊಳವೆಬಾವಿಯ ನೀರಿನಿಂದ ತೊಳೆದರೆ, ಆ ಗಡಸು ನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಹನಿ ಆರಿದಲ್ಲೆಲ್ಲ ಬಿಳಿ ಉಂಗುರಗಳಾಗಿ ಉಳಿಯುತ್ತವೆ. ನಾನು ಹಲವು ವರ್ಷ ಇವೆಲ್ಲದರ ಮೇಲೆಯೇ ವ್ಯಾಕ್ಸ್ ಹಚ್ಚುತ್ತಾ ಬಂದೆ. ಎರಡು ದಿನ ಮಿನುಗಿ ಮತ್ತೆ ಮಂಕಾಗುತ್ತಿತ್ತು.

ತೊಳೆದು ಒರೆಸಿದ ಕಾರಿನ ಮೇಲೆ, ತೆಳುವಾದ ಪ್ಲಾಸ್ಟಿಕ್ ಕವರಿನೊಳಗೆ ಕೈಯಿಟ್ಟು ಬೆರಳುಗಳನ್ನು ಮೆಲ್ಲಗೆ ಆಡಿಸಿ ನೋಡಿದರೆ ಬಣ್ಣದ ನಿಜವಾದ ಸ್ಥಿತಿ ತಿಳಿಯುತ್ತದೆ. ಕಣ್ಣಿಗೆ ನುಣುಪಾಗಿ ಕಾಣುವ ಬಾನೆಟ್ಟು ಬೆರಳಿಗೆ ಉಪ್ಪುಕಾಗದದಂತೆ ತರಿತರಿಯಾಗಿ ತಾಗುತ್ತದೆ. ಬ್ರೇಕುಗಳಿಂದ ಹಾರಿದ ಕಬ್ಬಿಣದ ಕಣ, ಡಾಂಬರಿನ ಚುಕ್ಕೆ, ಮರದ ಅಂಟು ಎಲ್ಲವೂ ಅಲ್ಲಿ ಕಚ್ಚಿಕೊಂಡಿರುತ್ತವೆ. ಅವನ್ನು ಶಾಂಪೂ ಬಿಡಿಸಲಾರದು. ಬಿಡಿಸುವುದು ಕ್ಲೇ ಬಾರ್.

ಕ್ಲೇ ಎಂದರೆ ಮಕ್ಕಳು ಆಡುವ ಮೇಣದ ಮಣ್ಣಿನಂತಹ ಒಂದು ಉಂಡೆ. ಉಗುರುಬೆಚ್ಚಗಿನ ನೀರಿನಲ್ಲಿ ನಾದಿ, ಮೂರು ಬೆರಳಗಲದ ಬಿಲ್ಲೆ ಮಾಡಿಕೊಂಡು, ಜಾರಲೆಂದು ಶಾಂಪೂ ಬೆರೆಸಿದ ನೀರನ್ನು ಧಾರಾಳವಾಗಿ ಸಿಂಪಡಿಸಿ, ಒಂದೊಂದು ಅಡಿ ಜಾಗದಲ್ಲಿ ಅತ್ತಿಂದಿತ್ತ ಹಗುರವಾಗಿ ಆಡಿಸಬೇಕು. ಒತ್ತುವ ಅಗತ್ಯವೇ ಇಲ್ಲ. ಮೊದಮೊದಲು ಬಿಲ್ಲೆ ತಡೆದು ತಡೆದು ಸಾಗುತ್ತದೆ, ಕಿವಿಗೆ ಸಣ್ಣ ಸರಸರ ಸದ್ದೂ ಕೇಳುತ್ತದೆ. ಹತ್ತಾರು ಸಲ ಆಡಿಸುವಷ್ಟರಲ್ಲಿ ಸದ್ದು ನಿಂತು, ಬಿಲ್ಲೆ ಗಾಜಿನ ಮೇಲಿನಂತೆ ಜಾರತೊಡಗುತ್ತದೆ. ತಿರುಗಿಸಿ ನೋಡಿದರೆ ಹಳದಿ ಕ್ಲೇ ಮೇಲೆ ಕಂದು ಗೆರೆಗಳು ಮೂಡಿರುತ್ತವೆ; ಅದನ್ನು ಮಡಚಿ, ಮತ್ತೆ ನಾದಿ, ಶುಭ್ರವಾದ ಮುಖವನ್ನು ಹೊರಗೆ ತಂದುಕೊಳ್ಳಬೇಕು. ಕೆಳಗೆ ಬಿದ್ದ ಕ್ಲೇಯನ್ನು ಮಾತ್ರ ಮತ್ತೆ ಬಳಸಲೇಬಾರದು. ಅಂಗಳಕ್ಕೆ ಬಿದ್ದ ತುಂಡನ್ನು ತೊಳೆದು ಬಳಸಿದ್ದರಿಂದ ನನ್ನ ಕಾರಿನ ಬಾಗಿಲಿನ ಮೇಲೆ ಮೂರು ಉದ್ದನೆಯ ಗೀರುಗಳು ಬಿದ್ದವು. ಕಣ್ಣಿಗೆ ಕಾಣದ ಒಂದು ಮರಳಿನ ಕಣ ಅದಕ್ಕೆ ಸಾಕಾಗಿತ್ತು.

ಸಿಂಪಡಿಸುವುದಕ್ಕೂ ಕೊನೆಯ ಸಲ ತೊಳೆಯುವುದಕ್ಕೂ ನಾನೀಗ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ಇಪ್ಪತ್ತು ಲೀಟರಿನ ಕ್ಯಾನನ್ನೇ ಬಳಸುತ್ತೇನೆ. ನೀರಿನ ಬೆಲೆ ಬಲ್ಲ ನಮ್ಮ ಜಿಲ್ಲೆಯಲ್ಲಿ ಇದು ದುಂದು ಎನಿಸಬಹುದು, ಆದರೆ ಅರ್ಧ ಕ್ಯಾನು ಸಾಕಾಗುತ್ತದೆ, ಬಿಳಿ ಉಂಗುರಗಳೂ ಉಳಿಯುವುದಿಲ್ಲ. ಈಗಾಗಲೇ ಕೂತಿರುವ ಉಂಗುರಗಳ ಮೇಲೆ ಸಮಪಾಲು ನೀರು ಬೆರೆಸಿದ ಬಿಳಿ ವಿನೆಗರಿನ ಬಟ್ಟೆಯನ್ನು ಒಂದು ನಿಮಿಷವಿಟ್ಟು ತೊಳೆದರೆ ಲವಣ ಕರಗುತ್ತದೆ. ಆಗಲೂ ಗುರುತು ಉಳಿದಿದ್ದರೆ ಬಣ್ಣದಲ್ಲೇ ಕುಳಿ ಬಿದ್ದಿದೆ ಎಂದರ್ಥ, ಅದಕ್ಕೆ ಪಾಲಿಶ್ ಮಾಡಲೇಬೇಕು.

ಪಾಲಿಶ್ ಮಾಡುವಾಗ ನಾನು ಬಹಳ ಹಿಂಜರಿಯುತ್ತೇನೆ. ಬಣ್ಣದ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್ ಇರುತ್ತದೆ. ತಲೆಗೂದಲು ಬಹುಮಟ್ಟಿಗೆ ಅದಕ್ಕಿಂತ ದಪ್ಪ. ಪಾಲಿಶ್ ಎಂದರೆ ಆ ಪದರವನ್ನೇ ಕೊಂಚ ಸವೆಸುವುದು, ಸವೆದದ್ದು ಮರಳಿ ಬರುವುದಿಲ್ಲ. ಆದ್ದರಿಂದ ಅತ್ಯಂತ ನಯವಾದ ಪಾಲಿಶನ್ನು ಮೊದಲು ಒಂದು ಮೂಲೆಯಲ್ಲಿ ಪರೀಕ್ಷಿಸಿ, ಪದರ ಇನ್ನೂ ತೆಳುವಾಗಿರುವ ಅಂಚುಗಳಿಗೆ ಟೇಪು ಅಂಟಿಸಿ, ಕ್ಲೇ ಆಡಿಸಿದಾಗ ಬೀಳುವ ನವಿರು ಗೀರುಗಳ ಮಸುಕು ಹೋಗುವಷ್ಟು ಮಾತ್ರ ಉಜ್ಜುತ್ತೇನೆ.

ವ್ಯಾಕ್ಸ್ ಹಚ್ಚುವುದು ಸುಲಭದ ಕೆಲಸ. ಬ್ರೆಜಿಲ್ಲಿನ ಒಂದು ಬಗೆಯ ತಾಳೆಯ ಎಲೆಗಳಿಂದ ಬರುವ ಕಾರ್ನೌಬಾ ಮೇಣವನ್ನು ನಾನು ಬಳಸುತ್ತೇನೆ. ನೆರಳಿನಲ್ಲಿ, ಬಾನೆಟ್ಟು ತಣ್ಣಗಿರುವಾಗ, ಕಂಡೂ ಕಾಣದಷ್ಟು ತೆಳುವಾಗಿ ಹಚ್ಚಿ, ಅದು ಮಬ್ಬಾಗಿ ಒಣಗಿದ ಮೇಲೆ ಮೈಕ್ರೊಫೈಬರ್ ಬಟ್ಟೆಯಿಂದ ಒರೆಸಿದರೆ ಆಯಿತು. ನಮ್ಮ ಬಿಸಿಲಿಗೆ ಅದು ಸುಮಾರು ಎರಡು ತಿಂಗಳು ಬಾಳುತ್ತದೆ.

ಕಳೆದ ಸಲ ಮಾವು ಹೂ ಬಿಟ್ಟಾಗ ಬಾನೆಟ್ಟಿನ ಅಂಟು ಒದ್ದೆ ಬಟ್ಟೆಗೇ ಬಿಟ್ಟುಕೊಂಡಿತು. ವ್ಯಾಕ್ಸ್ ಹಚ್ಚಲು ಮರೆತಿದ್ದ ಎಡಗನ್ನಡಿಯ ಬೆನ್ನಿನ ಮೇಲೆ ಮಾತ್ರ ಅದು ಹಾಗೆಯೇ ಕಚ್ಚಿಕೊಂಡಿತ್ತು.